ಭಾನುವಾರದ ಎರಡು ಗಂಟೆ

"ಇದರಲ್ಲಿ ಸುಳ್ಳೇನೂ ಇಲ್ಲವಲ್ಲೋ," ಎಂದರು ಸಾಲಿಹ್ ಎಫೆಂದಿ, ನಾನು ತಂದ ಸಾಕ್ಷಿ ಹೇಳಿಕೆಯ ನಕಲನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು. "ಬರ್ಕೊಂಡವನು ಪೆದ್ದ, ಅಷ್ಟೇ."

ಅವರ ಕೋಣೆಯಲ್ಲಿ ಏಳು ಗಡಿಯಾರಗಳಿದ್ದವು. ಏಳೂ ಒಂದೇ ಉಸಿರಿನಲ್ಲಿ ಟಕ ಟಕ ಎನ್ನುತ್ತಿದ್ದವು. ದೊಡ್ಡ ಮಸೀದಿಯ ಅಂಗಳಕ್ಕೆ ಅಂಟಿಕೊಂಡ ಆ ಗೂಡಿನಂಥ ಕೋಣೆಯಲ್ಲಿ ಕೂತು ಸರಯೇವೋ ಊರಿನ ಮುಸಲ್ಮಾನರಿಗೆ ಹೊತ್ತು ಹೇಳುವುದೇ ಅವರ ಕೆಲಸ. ರಂಜಾನಿನ ಆರನೆಯ ದಿನ. ಅವರ ತುಟಿ ಒಣಗಿ ಬೆಳ್ಳಗಾಗಿತ್ತು. ಮಾತು ಕೂಡ ಎಲ್ಲೋ ದೂರದ ಬಾವಿಯಿಂದ ಸೇದಿ ತಂದ ಹಾಗೆ ನಿಧಾನವಾಗಿ ಬರುತ್ತಿತ್ತು.

"ಇನ್ನೊಂದು ಸಲ ಓದಿ ಎಫೆಂದಿ."

ಓದಿದರು. "ಮುಲಾ ಹಾತಾ, ವಿಧವೆ, ವ್ರಾತ್ನಿಕ್ ಕೇರಿ. ಬಡಗಿ ರಿಸ್ತೊ ನನ್ನ ಮಗ್ಗ ರಿಪೇರಿ ಮಾಡಲು ಭಾನುವಾರ ಎರಡು ಗಂಟೆಗೆ ಬಂದಿದ್ದ." ಅದರ ಕೆಳಗೆ ಹೇಳಿಕೆ ಬರೆದುಕೊಂಡ ಗುಮಾಸ್ತ ತಾನೇ ಒಂದು ಪದ ಸೇರಿಸಿದ್ದ. ಮಧ್ಯಾಹ್ನ.

ನನ್ನ ಅಣ್ಣ ರಿಸ್ತೊ ಜೈಲು ಸೇರಿ ಇವತ್ತಿಗೆ ಮೂವತ್ತೊಂದು ದಿನ. ಅವನ ಬಿಡುಗಡೆಗೆ ಅಡ್ಡ ನಿಂತಿದ್ದು ಆ ಒಂದು ಪದ.

ಯುವರಾಜನನ್ನೂ ಅವನ ಹೆಂಡತಿಯನ್ನೂ ಸೇತುವೆಯ ಬಳಿ ಗುಂಡಿಟ್ಟು ಕೊಂದ ಆ ಭಾನುವಾರ, ಬೆಳಿಗ್ಗೆ ಒಂಬತ್ತೂವರೆಗೆ, ನದಿಯ ದಂಡೆಯಲ್ಲಿ ರಿಸ್ತೊ ಕೊಲೆಗಾರರ ಪೈಕಿ ಒಬ್ಬ ಹುಡುಗನ ಕೈಗೆ ಚೀಲವೊಂದನ್ನು ಕೊಟ್ಟಿದ್ದನ್ನು ತಂಬಾಕು ಮಾರುವವನೊಬ್ಬ ಕಂಡನಂತೆ. ಇಲ್ಲ, ಆ ಹೊತ್ತಿನಲ್ಲಿ ನಾನು ಮುಲಾ ಹಾತಾ ಮನೆಯಲ್ಲಿ ಮಗ್ಗದ ಮುಂದೆ ಕೂತಿದ್ದೆ ಅಂತ ರಿಸ್ತೊ. ಮುದುಕಿಯನ್ನು ಕೇಳಿದರೆ ಎರಡು ಗಂಟೆ ಎಂದಳು. ಹಾಗಾಗಿ ರಿಸ್ತೊ ಸುಳ್ಳುಗಾರ. ಸುಳ್ಳುಗಾರ, ಹಾಗಾಗಿ ಕೊಲೆಗಾರ. ನಾಳೆ ಬೆಳಿಗ್ಗೆ ಹತ್ತಕ್ಕೆ ತನಿಖಾ ನ್ಯಾಯಾಧೀಶ ಕಡತ ಮುಚ್ಚುತ್ತಾನೆ. ಆಮೇಲೆ ಸೈನಿಕ ನ್ಯಾಯಾಲಯ. ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ಹಗ್ಗದ ಉದ್ದ ಮಾತ್ರ ನೋಡುತ್ತಾರೆ.

"ಈ ಗುಮಾಸ್ತ ಎಲ್ಲಿಯವನು?" ಸಾಲಿಹ್ ಎಫೆಂದಿ ಕೇಳಿದರು.

"ಹೊರಗಿನವನು, ಗ್ರಾಟ್ಸ್ ಕಡೆಯವನು. ಬಂದು ಮೂರು ವಾರ ಆಗಿದೆ."

"ಅದಕ್ಕೇ." ಅವರು ಕಿಟಕಿಯ ಕಡೆ ಗದ್ದ ಎತ್ತಿದರು. ಹೊರಗೆ ಗಡಿಯಾರದ ಗೋಪುರ ಬಿಸಿಲಿನಲ್ಲಿ ಅಲುಗುವಂತೆ ಕಾಣುತ್ತಿತ್ತು. ಅದರ ಮುಳ್ಳುಗಳು ಒಂಬತ್ತೂಕಾಲು ತೋರಿಸುತ್ತಿದ್ದವು. ನನ್ನ ಜೇಬಿನ ಗಡಿಯಾರದಲ್ಲಿ ಸಂಜೆ ನಾಲ್ಕೂವರೆ. "ಆ ಮುದುಕಿಗೆ ಹೊತ್ತು ಅಂದ್ರೆ ಅದೊಂದೇ. ಸೂರ್ಯ ಮುಳುಗಿದಾಗ ಹನ್ನೆರಡು. ಅಲ್ಲಿಂದ ಎಣಿಸಬೇಕು. ನಿನಗೆ ಗೊತ್ತಿಲ್ವೇನೋ?"

ಗೊತ್ತು! ನಾನು ಹುಟ್ಟಿದ್ದೇ ಆ ಗೋಪುರದ ನೆರಳಿನಲ್ಲಿ. ಆದರೆ ಹನ್ನೆರಡನೇ ವಯಸ್ಸಿಗೆ ಸ್ಕೂಲು ಬಿಟ್ಟು ಅಚ್ಚುಕೂಟ ಸೇರಿದಾಗಿನಿಂದ ನನ್ನ ಹೊಟ್ಟೆ ನಡೆಯುವುದು ರೈಲ್ವೆ ಗಂಟೆಯ ಮೇಲೆ. ಅಚ್ಚಿನ ಮೊಳೆ ಜೋಡಿಸುತ್ತಾ ಜೋಡಿಸುತ್ತಾ ನಾನೂ ಆ ಗುಮಾಸ್ತನಂಥವನೇ ಆಗಿಬಿಟ್ಟಿದ್ದೆ.

ಎಫೆಂದಿ ಹಳೆಯ ಪುಸ್ತಕವೊಂದನ್ನು ಬಿಡಿಸಿ ಬೆರಳು ಓಡಿಸಿದರು. "ಆ ವಾರ ಸೂರ್ಯ ಮುಳುಗಿದ್ದು ನಿಮ್ಮ ಲೆಕ್ಕದ ಏಳೂವರೆಗೆ. ಅಂದ್ರೆ ಎರಡು ಗಂಟೆ ಅಂದ್ರೆ…"

"ಒಂಬತ್ತೂವರೆ!"

ಏಳು ಗಡಿಯಾರಗಳೂ ಒಂದು ಕ್ಷಣ ನಿಂತು ಮತ್ತೆ ಶುರುವಾದಂತೆ ನನಗನ್ನಿಸಿತು. ಕಾಗದ ಕಿತ್ತುಕೊಂಡೆ. ಅವರ ಕೈಗೆ ಮುತ್ತಿಟ್ಟೆ.

"ಪೂರ್ತಿ ಕೇಳೋ ಒಬ್ರೆನ್! ಇನ್ನೊಂದು ವಿಷಯ…"

ಕೇಳುವಷ್ಟು ತಾಳ್ಮೆ ನನಗೆ ಯಾವತ್ತಿತ್ತು? ನಾನಾಗಲೇ ಅಂಗಳ ದಾಟಿದ್ದೆ.

ಊರು ನಿದ್ದೆಯಲ್ಲಿ ನಡೆಯುತ್ತಿತ್ತು. ತಾಮ್ರದವರ ಬೀದಿಯಲ್ಲಿ ಸುತ್ತಿಗೆಗಳು ಒಂದು ಏಟು ಹೊಡೆದು, ಎರಡನೆಯದನ್ನು ಮರೆತು, ಆಮೇಲೆ ನೆನಪಾಗಿ ಹೊಡೆಯುತ್ತಿದ್ದವು. ಅಂಗಡಿಯವರು ಕಟ್ಟೆಯ ಮೇಲೆ ಕಣ್ಣು ಅರ್ಧ ಮುಚ್ಚಿ ಕೂತಿದ್ದರು. ಬೇಕರಿಯ ಮುಂದೆ ಮಾತ್ರ ಸಾಲು ಉದ್ದವಿತ್ತು. ಕರಿಜೀರಿಗೆ ಉದುರಿಸಿದ ಬಿಸಿ ಸೊಮುನ್ ರೊಟ್ಟಿಯ ಹಬೆ ಸಾಲಿನವರ ಮುಖಗಳನ್ನು ಸವರಿ ಸವರಿ ಮೇಲೇರುತ್ತಿತ್ತು. ಯಾರೂ ಮುರಿದು ಬಾಯಿಗಿಡುವಂತಿಲ್ಲ. ಎಲ್ಲರೂ ಅಪ್ಪಿಕೊಂಡು ಹೋಗುತ್ತಿದ್ದರು, ಕೂಸನ್ನು ಎತ್ತಿಕೊಂಡ ಹಾಗೆ.

ಆ ಬೇಕರಿಯ ಗೋಡೆಗೇ ಅಂಟಿಸಿದ್ದರು. ನಾನೇ ಬೆಳಿಗ್ಗೆ ಅಚ್ಚು ಹಾಕಿದ ಯುದ್ಧ ಘೋಷಣೆಯ ಹಾಳೆ. ನನ್ನ ಉಗುರುಗಳಲ್ಲಿ ಅದರ ಮಸಿ ಇನ್ನೂ ಇತ್ತು. ನನ್ನ ಜನಗಳಿಗೆ, ಎಂದು ಎಂಬತ್ತಮೂರು ವರ್ಷದ ಚಕ್ರವರ್ತಿ ಶುರುಮಾಡಿದ್ದ. ಯಾವ ಜನ? ಯಾರು ಯಾರ ಜನ? ಈ ಬೀದಿಯಲ್ಲೇ ಒಬ್ಬ ಸರ್ಬ್, ಒಬ್ಬ ಕ್ರೊವಾಟ್, ಒಬ್ಬ ತುರುಕ, ಒಬ್ಬ ಯಹೂದಿ. ಹತ್ತು ವರ್ಷದ ಹಿಂದೆ ಎಲ್ಲರೂ ಒಂದೇ ಚೆಂಡು ಒದೆಯುತ್ತಿದ್ದೆವು. ಆಮೇಲೆ ಯಾರೋ ಬಂದು ಒಬ್ಬೊಬ್ಬರ ಕೈಗೂ ಒಂದೊಂದು ಬಾವುಟ ಕೊಟ್ಟರು. ನನಗೂ ಕೊಟ್ಟರು. ನಾನೂ ಹಿಡಿದೆ. ಅದನ್ನು ಮುಚ್ಚಿಡುವುದಿಲ್ಲ.

ಎರಡೇ ಗುಂಡು. ಒಂದು ಕುತ್ತಿಗೆಗೆ, ಒಂದು ಹೊಟ್ಟೆಗೆ. ತಿಂಗಳು ತುಂಬುವುದರೊಳಗೆ ವಿಯೆನ್ನಾದಿಂದ ಬೆಲ್‌ಗ್ರೇಡಿಗೆ ಒಂದು ಕಾಗದ, ನಲವತ್ತೆಂಟು ಗಂಟೆಯ ಗಡುವು. ನಿನ್ನೆ ಯುದ್ಧ ಸಾರಿದರು. ರಾತ್ರಿಯೇ ಬೆಲ್‌ಗ್ರೇಡಿನ ಮೇಲೆ ಫಿರಂಗಿ. ಸರ್ಬಿಯದ ಬೆನ್ನಿಗೆ ರಷ್ಯ ಎದ್ದಿದೆಯಂತೆ, ಅದಕ್ಕೆ ಜರ್ಮನಿ ತೋಳು ಮಡಚುತ್ತಿದೆಯಂತೆ, ಅದನ್ನು ನೋಡಿ ಫ್ರಾನ್ಸಿಗೆ ನಿದ್ದೆ ಇಲ್ಲವಂತೆ. ಯಾರೋ ಮಲಗಿದಲ್ಲೇ ಮಗ್ಗುಲು ಬದಲಿಸಿದ ಹಾಗೆ ಇಡೀ ಯುರೋಪು ಒಂದೇ ಹಾಸಿಗೆಯಲ್ಲಿ ಹೊರಳುತ್ತಿತ್ತು.

"ಏನೋ ಒಬ್ರೆನ್, ಕೈಗೆಲ್ಲಾ ಮಸಿ ಬಳ್ಕೊಂಡು ಎಲ್ಲಿಗೆ? ನಿಮ್ಮ ಗಡ್ಡದ ಪಾದ್ರಿ ಹತ್ರ ತೊಳೆಸ್ಕೊಳ್ಳೋಕಾ?"

ಸ್ಟೀಪೊ. ಕ್ರೊವಾಟರ ಹುಡುಗ. ನನ್ನ ಜೊತೆ ಮೂರನೇ ಕ್ಲಾಸಿನ ಬೆಂಚು ಹಂಚಿಕೊಂಡವನು, ಆಮೇಲೆ ಟ್ರಾಮಿನಲ್ಲಿ ಟಿಕೆಟ್ ಹರಿಯುತ್ತಿದ್ದವನು. ಈಗ ಮೈಮೇಲೆ ಹೊಸ ಸಮವಸ್ತ್ರ, ಬಂದೂಕಿನ ನಳಿಕೆಯಲ್ಲಿ ಯಾವಳೋ ಸಿಕ್ಕಿಸಿದ ಹೂವು. ಅವನ ಹಿಂದೆ ಪಡೆಯೊಂದು ರೈಲು ನಿಲ್ದಾಣದ ಕಡೆ ಹೊರಟಿತ್ತು. ನಾಲ್ಕು ಭಾಷೆಯ ನಾಲ್ಕು ಹಾಡು ಒಟ್ಟಿಗೇ ಕೇಳುತ್ತಿದ್ದವು, ಒಂದೂ ತಿಳಿಯುತ್ತಿರಲಿಲ್ಲ.

"ನಿಮ್ಮ ಚಕ್ರವರ್ತಿಯ ಮಸಿ ಕಣೋ ಇದು. ತೊಳೆದ್ರೆ ಹೋಗಲ್ಲ."

"ಬೆಲ್‌ಗ್ರೇಡಿಗೆ ಹೋಗ್ತಿದೀವಿ. ಪ್ಲಮ್ ಹಣ್ಣಾಗೋಷ್ಟರಲ್ಲಿ ವಾಪಸ್."

"ಅಲ್ಲಿ ನನ್ನ ಚಿಕ್ಕಮ್ಮ ಇದಾಳೆ."

"ಅಡ್ರೆಸ್ ಕೊಡು, ಅವಳ ಮನೆ ಒಂದು ಬಿಟ್ಟು ಹೊಡೀತೀವಿ."

ನಾನು ನಗಬಾರದಿತ್ತು. ನಕ್ಕೆ. ಅವನೂ ನಕ್ಕ, ಆಮೇಲೆ ನೆಲ ನೋಡಿದ. "ಕೊಲೆ ಆದ ಮರುದಿನ ಸರ್ಬರ ಮೇಲೆ ಗಲಾಟೆ ಆಯ್ತಲ್ಲ, ಅವತ್ತು ನಿಮ್ಮಣ್ಣನ ಅಂಗಡಿ ಕಿಟಕಿಗೆ ಕಲ್ಲು ಹೊಡೆದವನು ನಾನೇ. ಹೇಳ್ಬಿಡೋಣ ಅನ್ನಿಸ್ತು."

"ಗೊತ್ತು. ನಿನ್ನ ಗುರಿ ಯಾವತ್ತು ಸರಿ ಇತ್ತು? ಪಕ್ಕದ ರಾಫೊನ ಕಿಟಕಿಯನ್ನೂ ಒಡೆದೆ. ಅವನು ಯಹೂದಿ ಕಣೋ, ಅವನೇನು ಮಾಡಿದ್ದ?"

"ಗಾಜು ಒಂದೇ ಥರ ಇತ್ತು," ಎಂದ ಸ್ಟೀಪೊ. ಹಿಂದಿನಿಂದ ಯಾರೋ ಗದರಿದರು. ಅವನು ಹೆಜ್ಜೆ ಸೇರಿಸಿಕೊಂಡು ಹೊರಟುಹೋದ. ಹೂವು ಮಾತ್ರ ತುಂಬ ಹೊತ್ತು ಕಾಣುತ್ತಿತ್ತು. ಅವನನ್ನು ಕೊಲ್ಲಬೇಕೆನಿಸಿತು. ಅವನು ಸಾಯಬಾರದು ಅಂತಲೂ ಅನಿಸಿತು.

ವ್ರಾತ್ನಿಕ್ ಕೇರಿಗೆ ಏರುವ ದಾರಿಯಲ್ಲಿ ಹಳೆಯ ಗೋರಿಕಲ್ಲುಗಳು ಕಲ್ಲಿನ ಪೇಟ ಸುತ್ತಿಕೊಂಡು, ಒಂದು ಈ ಕಡೆ ಒಂದು ಆ ಕಡೆ ವಾಲಿ ನಿಂತಿವೆ. ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು. ಕೆಳಗೆ ನದಿ ಸಣ್ಣ ದಾರದಂತೆ. ದಂಡೆಯ ಮೇಲೆ, ಗುಂಡು ಹಾರಿದ ಆ ಮೂಲೆಯಲ್ಲಿ, ಈಗಲೂ ಜನ ಬಂದು ನಿಂತು ನೆಲ ನೋಡಿ ಹೋಗುತ್ತಾರೆ. ಇಲ್ಲಿಂದ ನೋಡಿದರೆ ಅವರು ಇರುವೆಗಳ ಹಾಗೆ. ಇಷ್ಟು ಎತ್ತರದಿಂದ ನೋಡಿದವನಿಗೆ ಅಲ್ಲಿ ಏನೂ ನಡೆದೇ ಇಲ್ಲ ಎನಿಸಬಹುದು.

ಮುಲಾ ಹಾತಾಳ ಅಂಗಳದ ಬಾಗಿಲು ಆಳೆತ್ತರದ ಹಲಗೆಯದು. ಕಬ್ಬಿಣದ ಬಳೆ ಹಿಡಿದು ಬಡಿದೆ.

"ಯಾರದು?" ಒಳಗಿನಿಂದ, ತೀರಾ ಹತ್ತಿರದಿಂದ ದನಿ ಬಂತು. ಬಾಗಿಲಿನ ಆಚೆಯೇ ಕೂತಿದ್ದಿರಬೇಕು. ನೂಲು ಸುತ್ತುವ ರಾಟೆಯ ಸದ್ದು ಕೇಳುತ್ತಿತ್ತು.

"ರಿಸ್ತೊನ ಕಡೆಯವನು ಅಜ್ಜಿ."

ರಾಟೆ ನಿಂತಿತು. "ಹೇಗಿದಾನೆ?"

"ಬದುಕಿದಾನೆ."

"ಅಲ್ಲಾಹನ ದಯೆ. ಒಳಗೆ ಕರೆಯೋಕೆ ಮನೇಲಿ ಗಂಡಸರಿಲ್ಲ ಮಗಾ. ಮೊಮ್ಮಗ ಒಬ್ಬನಿದ್ದ. ಇವತ್ತು ಬೆಳಿಗ್ಗೆ ಸೈನ್ಯದ ಕೆಂಪು ಟೋಪಿ ಹಾಕ್ಕೊಂಡು ಸ್ಟೇಷನ್ನಿಗೆ ಹೋದ. ಯಾರ ಮೇಲೋ ಯುದ್ಧ ಅಂದೆ, ಅವನಿಗೂ ಸರಿಯಾಗಿ ಗೊತ್ತಿಲ್ಲ. ಅಲ್ಲಿಂದಲೇ ಮಾತಾಡು."

ಹಲಗೆಗಳ ನಡುವಿನ ಸಂದಿಗೆ ಬಾಯಿಟ್ಟು ಎಲ್ಲವನ್ನೂ ಹೇಳಿದೆ. ಗುಮಾಸ್ತನ ಪದ, ಮಧ್ಯಾಹ್ನ ಎಂಬುದು. ಗೋಪುರದ ಗಂಟೆ. ಒಂಬತ್ತೂವರೆ. "ನಾಳೆ ನೀವು ಇಳಿದು ಬಂದು, ಎರಡು ಗಂಟೆ ಅಂದ್ರೆ ನಮ್ಮ ಎರಡು ಗಂಟೆ, ಬೆಳಗಿನದು ಅಂತ ನ್ಯಾಯಾಧೀಶರಿಗೆ ಒಂದು ಮಾತು ಹೇಳಿ. ಅಷ್ಟು ಸಾಕು. ಅವನು ಮನೆಗೆ ಬರ್ತಾನೆ."

ಪಾರಿವಾಳವೊಂದು ಗೂಡಿನಲ್ಲಿ ತನ್ನಷ್ಟಕ್ಕೇ ಗೊಣಗುತ್ತಿತ್ತು.

"ಬೆಳಗಿನದು ಅಂತ ಯಾರು ಹೇಳಿದ್ರು ನಿನಗೆ?"

"ಮತ್ತೆ?"

"ನಾನು ರಾತ್ರಿ ನಮಾಜು ಮುಗಿಸಿ ಎದ್ದಿದ್ದೆ. ಆಗ ಬಂದ. ದೀಪ ಹಿಡ್ಕೊಂಡು ನಿಂತಿದ್ದವಳೇ ನಾನು, ಅವನು ಮಗ್ಗದ ಕೆಳಗೆ ಮಲಗಿ ಹಲಗೆ ಕೂರಿಸ್ತಿದ್ದ."

"ಹಾಗಾದ್ರೆ ಅದು ಶನಿವಾರ ರಾತ್ರಿ ಅಜ್ಜಿ!"

"ಶನಿವಾರ ಎಲ್ಲಿಂದ ಬಂತು?" ಅವಳ ದನಿಯಲ್ಲಿ ನಿಜವಾದ ಆಶ್ಚರ್ಯವಿತ್ತು. "ಶನಿವಾರ ಸೂರ್ಯನ ಜೊತೆ ಹೋಯ್ತಲ್ಲ. ಕತ್ತಲೆ ಬಂತು, ಭಾನುವಾರ ಬಂತು."

ಸಾಲಿಹ್ ಎಫೆಂದಿ ಕೂಗಿ ಹೇಳಹೊರಟಿದ್ದು ಇದನ್ನೇ. ನಮ್ಮ ಇಗರ್ಜಿಯಲ್ಲೂ ಶನಿವಾರದ ಸಂಜೆಯ ಪ್ರಾರ್ಥನೆಯೆಂದರೆ ಭಾನುವಾರದ ಮೊದಲ ಪ್ರಾರ್ಥನೆ. ಅಮ್ಮನ ಸೆರಗು ಹಿಡಿದು ಎಷ್ಟು ಸಲ ಹೋಗಿಲ್ಲ? ದಿನಕ್ಕೆ ಎರಡು ಸಲ ಎರಡು ಗಂಟೆ ಬರುತ್ತದೆಂದು ಗೊತ್ತಿದ್ದೂ, ನನಗೆ ಬೇಕಾದ ಬೆಳಗನ್ನೇ ನಾನು ಓದಿಕೊಂಡು ಓಡಿ ಬಂದಿದ್ದೆ.

ಹಾಗಾದರೆ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ರಿಸ್ತೊ ಇಲ್ಲಿರಲಿಲ್ಲ.

"ಎಷ್ಟು ಹೊತ್ತಿದ್ದ?"

"ಒಂದು ಗಂಟೆ. ಹೋಗುವಾಗ, ನೀನು ಈಗ ನಿಂತಿದೀಯಲ್ಲ, ಅಲ್ಲೇ ನಿಂತು ಹೇಳಿದ. ಯಾರಾದ್ರೂ ಕೇಳಿದ್ರೆ, ಭಾನುವಾರ ಎರಡು ಗಂಟೆಗೆ ಬಂದಿದ್ದ ಅಂತ ಹೇಳಿ ಅಜ್ಜಿ, ಅಷ್ಟೇ ಹೇಳಿ ಸಾಕು ಅಂದ. ಅಲ್ವೋ, ಅದು ನಿಜಾನೇ ತಾನೇ, ನಿಜ ಹೇಳೋಕೂ ನೀನು ಹೇಳಿಕೊಡ್ಬೇಕಾ ಅಂದೆ. ನಕ್ಕ."

ನನ್ನ ಬೆನ್ನು ತಾನಾಗಿಯೇ ಹಲಗೆಗೆ ಒರಗಿತು.

ಅಣ್ಣ ಸುಳ್ಳು ಹೇಳದ ಮುದುಕಿಯನ್ನೇ ಹುಡುಕಿ ಬಂದಿದ್ದ. ಅವಳ ಬಾಯಿಂದ ಬರುವ ನಿಜವೇ ತನಗೆ ಸಾಕ್ಷಿಯಾಗುವಂತೆ ಹೊತ್ತು ನೋಡಿ ಬಂದಿದ್ದ. ಒಂದೇ ಕಡೆ ಎಡವಿದ. ಬರೆದುಕೊಳ್ಳುವವನು ಈ ಊರಿನವನೇ ಆಗಿರುತ್ತಾನೆ, ಎರಡು ಎಂದರೆ ಒಂಬತ್ತೂವರೆ ಎಂದು ತಾನೇ ತಿಳಿದು ಬೆಳಿಗ್ಗೆ ಎಂದು ಬರೆಯುತ್ತಾನೆ ಎಂದುಕೊಂಡ. ಗ್ರಾಟ್ಸಿನಿಂದ ಒಬ್ಬ ಬಂದು ಕೂರುತ್ತಾನೆಂದು ಅವನಿಗೇನು ಗೊತ್ತು?

ಆದರೆ ಗುಂಡು ಹಾರುವುದಕ್ಕೆ ಹದಿಮೂರು ಗಂಟೆ ಮೊದಲೇ ತನಗೊಬ್ಬ ಸಾಕ್ಷಿ ಬೇಕಾಗುತ್ತದೆಂದು ಅವನಿಗೆ ಗೊತ್ತಿತ್ತು.

ಈ ಮೂವತ್ತೊಂದು ದಿನ ನಾನು ಕಂಡವರ ಮೇಲೆಲ್ಲ ಹರಿಹಾಯ್ದೆ. ನನ್ನಣ್ಣ ಮರದ ಹೊಟ್ಟಿನ ಮೇಲೂ ಕಾಲಿಡದ ಸಾಧು, ಅಂದೆ. ಪೊಲೀಸರ ಮುಖಕ್ಕೆ ಅಂದೆ. ಅಮ್ಮನ ಸಮಾಧಿಯ ಮುಂದೆ ಅಂದೆ. ಜೈಲಿನ ಜಾಲರಿಯ ಆಚೆಯಿಂದ ಅವನು ತಲೆ ಬಗ್ಗಿಸಿ ಕೇಳಿಸಿಕೊಂಡ, ತಿದ್ದಲಿಲ್ಲ.

"ಅಜ್ಜಿ, ನಾಳೆ ಬೆಳಿಗ್ಗೆ ಅಂತಲೇ ಹೇಳಿ. ಕೈ ಮುಗೀತೀನಿ."

"ಉಪವಾಸ ಇಟ್ಕೊಂಡು?"

"ಉಪವಾಸ ಮುಗಿದ ಮೇಲೆ ಹೇಳಿ ಹಾಗಾದ್ರೆ!"

"ಬಾಯಿ ಜೋರಿದೆ ನಿಂದು."

"ಒಂದು ಪದ! ಆ ಬೊಕ್ಕತಲೆ ಗುಮಾಸ್ತ ಒಂದು ಪದ ಸೇರಿಸಿದಾಗ ಆಕಾಶ ಬಿತ್ತಾ? ಚಕ್ರವರ್ತಿ ಗೋಡೆ ತುಂಬ ಸುಳ್ಳು ಅಂಟಿಸಿದಾನೆ, ನಾನೇ ಅಚ್ಚು ಹಾಕಿದೀನಿ! ನಿಮ್ಮ ಮೊಮ್ಮಗನ್ನ ಸುಳ್ಳು ಹೇಳಿಯೇ ಕರ್ಕೊಂಡು ಹೋಗಿದಾರೆ! ನೀವೊಬ್ಬರು ನಿಜ ಹೇಳಿದ್ರೆ ಯಾರಿಗೆ ಒಳ್ಳೇದು?" ಕಾಲೆತ್ತಿ ಬಾಗಿಲಿಗೆ ಒದ್ದೆ. ಎರಡನೇ ಸಲವೂ ಒದ್ದೆ.

"ಒದೀಬೇಡ. ರಿಸ್ತೊ ಕೂರಿಸಿದ ಬಾಗಿಲು ಅದು."

ಕಾಲು ಕೆಳಗಿಳಿಯಿತು.

"ಕೇಳು," ಎಂದಳು. ಸಿಟ್ಟಿರಲಿಲ್ಲ, ನಿದ್ದೆಗೆ ಮುಂಚಿನ ಮಾತಿನ ಹಾಗೆ ಮೃದುವಾಗಿತ್ತು. "ನಾನು ಆಡದ ಮಾತೊಂದು ಆ ಕಾಗದದಲ್ಲಿ ನನ್ನ ಹೆಸರಿನ ಕೆಳಗಿದೆ ಅಂದೆಯಲ್ಲ. ಅದನ್ನ ಹಾಗೇ ಬಿಟ್ಟು ನಾನು ಮಣ್ಣಿಗೆ ಹೋಗಲ್ಲ. ನಾಳೆ ಇಳಿದು ಬರ್ತೀನಿ. ಭಾನುವಾರ ಎರಡು ಗಂಟೆ ಅಂತೀನಿ. ಅಷ್ಟಕ್ಕೇ ಬಿಟ್ರೆ ಅವನ ಪುಣ್ಯ. ಹಗಲಾ ರಾತ್ರಿಯಾ ಅಂತ ಕೇಳಿದ್ರೆ, ರಾತ್ರಿ ಅಂತೀನಿ."

"ಕೇಳೇ ಕೇಳ್ತಾರೆ. ಬರಬೇಡಿ ಹಾಗಾದ್ರೆ."

"ಬರ್ತೀನಿ."

ಮಧ್ಯಾಹ್ನ ಎಂಬ ಸುಳ್ಳು ಉಳಿದರೂ ಅಣ್ಣನಿಗೆ ಹಗ್ಗ. ರಾತ್ರಿ ಎಂಬ ನಿಜ ಹೊರಬಂದರೂ ಹಗ್ಗ, ಅದೂ ಇನ್ನಷ್ಟು ಬಿಗಿಯಾಗಿ. ನಾನೇ ಬೆಟ್ಟ ಹತ್ತಿ ಬಂದು ಅದಕ್ಕೆ ಸಾಬೂನು ಸವರಿಕೊಟ್ಟಿದ್ದೆ.

ಎಷ್ಟು ಹೊತ್ತು ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದೆನೋ. ಕಣಿವೆ ಮೆಲ್ಲಗೆ ನೇರಳೆ ಬಣ್ಣಕ್ಕೆ ತಿರುಗಿತು. ಮನೆಗಳು, ಪ್ಲಮ್ ಮರಗಳು, ನೂರು ಮಿನಾರುಗಳು ಒಂದೊಂದಾಗಿ ಅಂಚು ಕಳೆದುಕೊಂಡವು. ಪಕ್ಕದ ಕೋಟೆಯ ಗೋಡೆಯಿಂದ ಫಿರಂಗಿ ಹಾರಿತು. ಬೆಟ್ಟದಿಂದ ಬೆಟ್ಟಕ್ಕೆ ಸದ್ದು ಉರುಳಿಕೊಂಡು ಹೋಯಿತು. ಕೆಳಗೆ ಎಲ್ಲೋ ಒಬ್ಬ ಹೆಂಗಸು ಕಿರುಚಿದಳು, ಯುದ್ಧ ಇಲ್ಲಿಗೇ ಬಂತೆಂದುಕೊಂಡು. ಮಿನಾರುಗಳಲ್ಲಿ ದೀಪಗಳು ಹತ್ತಿದವು. ಅಷ್ಟೇ. ಉಪವಾಸ ಮುಗಿಯಿತು.

ಬೆನ್ನ ಹಿಂದೆ ಅಗುಳಿ ಸರಿಯಿತು.

"ಏಳು ಮಗಾ. ಈ ಹೊತ್ತಿನಲ್ಲಿ ಬಾಗಿಲಲ್ಲಿ ಇದ್ದವನನ್ನ ಹೊರಗೆ ಬಿಟ್ಟು ನಾನು ನೀರು ಕುಡಿಯೋಕಾಗಲ್ಲ. ಗಂಡಸರಿಲ್ಲದಿದ್ರೆ ಇಲ್ಲ, ನೀನೂ ನನಗೆ ಮೊಮ್ಮಗನ ಹಾಗೆ."

ಕುಳ್ಳಗಿನ, ಬಿಳಿ ಸೆರಗಿನ ಮುದುಕಿ. ಕಣ್ಣಿನಲ್ಲಿ ಪೊರೆ. ನೆಲಮಟ್ಟದ ದುಂಡು ಮಣೆಯ ಮುಂದೆ ಕೂರಿಸಿದಳು. ನೀರು ಕೊಟ್ಟಳು. ಸೊಮುನ್ ಹರಿದು, ಗಿಣ್ಣು ಬೆಣ್ಣೆ ಕರಗಿದ ಬಾಣಲೆಯನ್ನು ನನ್ನ ಕಡೆ ತಳ್ಳಿದಳು. ಬೆಳಗಿನಿಂದ ನಾನೂ ಏನೂ ತಿಂದಿರಲಿಲ್ಲ. ಅಳುತ್ತಾ ತಿಂದೆ. ಅವಳು ನೋಡದವಳಂತೆ ದೀಪದ ಬತ್ತಿ ಸರಿಮಾಡಿದಳು.

"ನಾಳೆ ಒಬ್ಬಳೇ ಹೋಗೋಕೆ ನನಗೂ ಭಯವೇ," ಎಂದಳು. "ಅವನ ತಮ್ಮನಿಗೂ ಬರೋಕೆ ಹೇಳು. ಅವನೂ ಹೇಳಲಿ. ಇಬ್ಬರೂ ಒಟ್ಟಿಗೇ ಬಂದಿದ್ರಲ್ಲ."

ರೊಟ್ಟಿಯನ್ನು ಮಣೆಯ ಮೇಲಿಟ್ಟೆ. "ಯಾರು ಇಬ್ಬರು?"

"ರಿಸ್ತೊ, ಅವನ ತಮ್ಮ. ಅದೇ ಒಬ್ರೆನ್. ರಿಸ್ತೊ ಮಗ್ಗದ ಕೆಳಗಿದ್ದಾಗ ಅವನು ಈ ಮಣೆ ಹತ್ರಾನೇ ಕೂತಿದ್ದ, ಮಡಿಲಲ್ಲಿ ಒಂದು ಚೀಲ ಇಟ್ಕೊಂಡು. ಶರಬತ್ತು ಕೊಟ್ಟೆ, ಕುಡಿದ. ಹೆಸರೇನಪ್ಪಾ ಅಂದ್ರೆ, ಒಬ್ರೆನ್ ಅಂದ. ಮೆತ್ತಗಿನ ಮಾತಿನವನು. ನಾಳೆ ಅದನ್ನೂ ಬರೆಸ್ತೀನಿ. ಅಣ್ಣ ಬೆಳಿಗ್ಗೆ ಎಲ್ಲಿದ್ದ ಅಂತ ತಮ್ಮನಿಗೆ ಗೊತ್ತಿಲ್ಲದೇ ಇರುತ್ತಾ?"

ಆ ಶನಿವಾರ ರಾತ್ರಿ ನಾನು ಅಚ್ಚುಕೂಟದಲ್ಲಿ ಒಬ್ಬನೇ ಮೊಳೆ ಜೋಡಿಸುತ್ತಿದ್ದೆ. ನೋಡಿದವರು ಯಾರೂ ಇಲ್ಲ. ಈ ಮನೆಯ ಹೊಸ್ತಿಲನ್ನು ನಾನು ತುಳಿದದ್ದು ಇವತ್ತೇ ಮೊದಲು. ಚೀಲ ಹಿಡಿದು ಇಲ್ಲಿ ಕೂತು ನನ್ನ ಹೆಸರು ಹೇಳಿದವನು ಬೇರೆ ಯಾರೋ.

ಮುಲಾ ಹಾತಾ ದೀಪ ಎತ್ತಿ ನನ್ನ ಮುಖದ ತೀರಾ ಹತ್ತಿರ ತಂದಳು. ಪೊರೆಗಣ್ಣುಗಳನ್ನು ಕಿರಿದು ಮಾಡಿ, ಹಣೆಯಿಂದ ಗದ್ದದವರೆಗೆ ನಿಧಾನವಾಗಿ ನೋಡಿದಳು.

"ಅದಿರಲಿ ಮಗಾ, ನಿನ್ನ ಹೆಸರೇನು? ಕೇಳೋದೇ ಮರೆತೆ."